ಮೂರು ಕಂಠದ ಹಾಡು

ಕಾಳಿಂಗರಾಯರೆಂದರೆ ಕಣ್ಣ ಮುಂದೆ ಬರುವುದು ಕೋಟು, ಟೈ ತೊಟ್ಟು ಕನ್ನಡ ಕವಿತೆ ಹಾಡುವ ಮನುಷ್ಯ. ಆ ಕೋಟಿನೊಳಗೆ ಇದ್ದದ್ದು ನಮ್ಮ ಬಯಲಾಟದ ಮನೆಯ ಹುಡುಗ.

ಪಾಂಡೇಶ್ವರ ಕಾಳಿಂಗರಾಯರು ಹುಟ್ಟಿದ್ದು 1914ರಲ್ಲಿ, ಅವಿಭಜಿತ ದಕ್ಷಿಣ ಕನ್ನಡದ ಆರೂರಿನಲ್ಲಿ. ತಂದೆ ಯಕ್ಷಗಾನ ಕಲಾವಿದರು. ಎಳವೆಯಲ್ಲೇ ಮುಂಡಾಜೆ ರಂಗನಾಥ ಭಟ್ಟರ ನಾಟಕ ಮಂಡಳಿ ಸೇರಿದರು. ಮೈಕಿಲ್ಲದ ಕಾಲ, ಕೊನೆಯ ಸಾಲಿನವರಿಗೂ ಮಾತು ತಿಳಿಯುವಂತೆ ಹಾಡಬೇಕು. ಅವರ ಹಾಡಿನಲ್ಲಿ ರಾಗಕ್ಕಿಂತ ಮೊದಲು ಮಾತು ಕಿವಿಗೆ ಬೀಳುವುದು ಆ ಪಾಠದಿಂದಲೇ ಇರಬೇಕು. ಮುಂದೆ 1947ರ ‘ಕೃಷ್ಣಲೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟರು. ಆದರೆ ಹೆಸರು ಉಳಿದದ್ದು ಕುವೆಂಪು, ಬೇಂದ್ರೆ, ರಾಜರತ್ನಂ ಕವಿತೆಗಳಿಂದ, ಜನಪದ ಗೀತೆಗಳಿಂದ.

ರಾಯರ ಜೊತೆಗೆ ಹಾಡುತ್ತಿದ್ದವರು ಮೋಹನಕುಮಾರಿ, ಸೋಹನಕುಮಾರಿ. ಆಗ ನಮ್ಮ ಶಿರ್ತಾಡಿ ಕಡೆಯ ಆಟಗಳಲ್ಲಿ ಸೀತೆ, ದ್ರೌಪದಿಯರೂ ಗಂಡಸರೇ. ಮದುವೆ ಮನೆಯಲ್ಲಿ ಶೋಭಾನೆ ಹಾಡುವ ಅಮ್ಮಂದಿರ ಕಂಠ ಚಪ್ಪರದಾಚೆ ಹೋಗುತ್ತಿರಲಿಲ್ಲ. ಅಂಥ ಕಾಲದಲ್ಲಿ ಈ ಇಬ್ಬರು ವೇದಿಕೆಯ ಬೆಳಕಿನಲ್ಲಿ ನಿಂತರು. ಶೋಭಾನೆಯಲ್ಲಿ ಒಬ್ಬಳು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುವುದಿಲ್ಲವೇ, ಹಾಗೆ ರಾಯರಿಗೆ ದನಿಗೂಡಿಸಿದರು.

ರಾಯರು 1981ರಲ್ಲಿ ತೀರಿಕೊಂಡರು. ಹಳೆಯ ಮುದ್ರಿಕೆ ಕೇಳಿದಾಗಲೆಲ್ಲ ನಾವು ‘ಕಾಳಿಂಗರಾಯರ ಹಾಡು’ ಎಂದುಬಿಡುತ್ತೇವೆ. ಉಂಡೆದ್ದು ಯಜಮಾನರನ್ನು ಹೊಗಳಿ, ಅಡುಗೆಮನೆಯ ಕಡೆ ತಿರುಗಿಯೂ ನೋಡದೆ ಹೊರಟಂತೆ. ಹೆಂಗಸರಾದ ನಮಗಾದರೂ ಇದು ತಿಳಿಯಬೇಡವೇ? ಮಕ್ಕಳಿಗೆ ಆ ಹಾಡು ಹೇಳಿಕೊಡುವಾಗ ಮೂರು ಹೆಸರನ್ನೂ ಹೇಳಿಕೊಡೋಣ.