ಆಶಯ ಮೊದಲೋ, ಓದು ಮೊದಲೋ: ಹತ್ತನೇ ತರಗತಿಯ ಇಂಗ್ಲಿಷ್ ಪಠ್ಯದ ಗದ್ಯ–ಪದ್ಯ ಜೋಡಣೆ

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕವಿ, ಕಾಲ, ಪ್ರಕಾರಗಳ ಕ್ರಮದಲ್ಲಿ ಕಲಿಸುವುದಕ್ಕಿಂತ ಆಶಯಗಳ ಸುತ್ತ ಹೆಣೆದು ಕಲಿಸುವುದು ಮೇಲೆಂಬ ನಿಲುವಿಗೆ ಈಗ ದೊಡ್ಡ ವಿರೋಧವೇನಿಲ್ಲ. ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಷನ್’ ಕೃತಿಯಲ್ಲಿ ವಿದ್ಯಾರ್ಥಿಯ ಅನುಭವಕ್ಕೆ ತರಗತಿಯಲ್ಲಿ ಜಾಗ ಕೇಳಿದ್ದರು. 1963ರಲ್ಲಿ ಕ್ಲೆಮೆಂಟ್ಸ್, ಡಿಕ್ಸನ್ ಮತ್ತು ಸ್ಟ್ರಾಟಾ ಲಂಡನ್ನಿನ ವಾಲ್ವರ್ತ್ ಶಾಲೆಯ ಅನುಭವದಿಂದ ಆಶಯಗಳನ್ನೇ ಆಧರಿಸಿದ ‘ರಿಫ್ಲೆಕ್ಷನ್ಸ್’ ಪಠ್ಯವನ್ನು ರೂಪಿಸಿದರು. 1966ರ ಡಾರ್ಟ್‌ಮತ್ ವಿಚಾರಗೋಷ್ಠಿ ಮತ್ತು ಅದನ್ನು ಆಧರಿಸಿ ಮರುವರ್ಷ ಡಿಕ್ಸನ್ ಬರೆದ ಪುಸ್ತಕ ಈ ಚಿಂತನೆಯನ್ನು ಬಲಪಡಿಸಿದವು. ಇಷ್ಟು ಇತಿಹಾಸ ಎಲ್ಲರೂ ಒಪ್ಪಿದ್ದು. ಆಶಯವೊಂದು ತರಗತಿಯೊಳಗೆ ಯಾವ ಹೊತ್ತಿಗೆ ಬರಬೇಕು ಎಂಬ ಪ್ರಶ್ನೆ ಮಾತ್ರ ಸಾಕಷ್ಟು ಚರ್ಚೆಗೆ ಬಂದಿಲ್ಲ. ಈ ಲೇಖನ ಅದನ್ನೇ ಕುರಿತದ್ದು.

ಆರ್ಥರ್ ಆ್ಯಪಲ್‌ಬೀ 1996ರ ‘ಕರಿಕ್ಯುಲಮ್ ಆ್ಯಸ್ ಕಾನ್ವರ್ಸೇಷನ್’ ಕೃತಿಯಲ್ಲಿ ಪಠ್ಯಕ್ರಮವನ್ನು ನಿರಂತರ ಸಂವಾದವೆಂದು ಕಂಡರು. ಪಾಠಗಳು ಒಂದರ ಪಕ್ಕ ಒಂದು ಸುಮ್ಮನೆ ಕೂತಿವೆಯೇ, ಅಥವಾ ಹಿಂದಿನದು ಮುಂದಿನದಕ್ಕೆ ಬೆಳಕು ಚೆಲ್ಲುತ್ತ ಒಂದೇ ಮಾತುಕತೆ ಬೆಳೆಯುತ್ತದೆಯೇ ಎಂಬುದು ಅವರ ಅಳತೆಗೋಲು. ಬೆಲೆಯುಳ್ಳ ಅಳತೆಗೋಲೇ ಇದು. ಆದರೆ ಇದು ಇಡೀ ಕೋರ್ಸನ್ನು ಅಳೆಯುವಂಥದ್ದು. ಇದನ್ನು ಹಿಡಿದು ನಮ್ಮ ರಾಜ್ಯದ ಪಠ್ಯವನ್ನು ನೋಡಿದರೆ ಅದರಲ್ಲಿರುವ ಸಾಧ್ಯತೆ ಕೈತಪ್ಪಿಹೋಗುತ್ತದೆ ಎಂಬುದು ನನ್ನ ಭಿನ್ನಾಭಿಪ್ರಾಯ.

ಕಳೆದ ದಶಕದಲ್ಲಿ ಬಳಕೆಯಲ್ಲಿದ್ದ ಕರ್ನಾಟಕದ ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್ ಪುಸ್ತಕವನ್ನು ತೆರೆದರೆ ಪ್ರತಿ ಗದ್ಯಪಾಠಕ್ಕೂ ಒಂದು ಪದ್ಯ ಜೊತೆಯಾಗಿರುವುದು ಕಾಣುತ್ತದೆ. ಹಡಗಿನ ಮೇಲೆ ನಡೆಯುವ ‘ದ ಡಿಸ್ಕವರಿ’ ನಾಟಕಕ್ಕೆ ಬಿರುಗಾಳಿಗೆ ಸಿಕ್ಕ ಹಡಗಿನ ‘ಬ್ಯಾಲಡ್ ಆಫ್ ದ ಟೆಂಪೆಸ್ಟ್’, ಅಂಬೇಡ್ಕರ್ ಕುರಿತ ಪಾಠಕ್ಕೆ ವಿ. ಕೃ. ಗೋಕಾಕರ ‘ದ ಸಾಂಗ್ ಆಫ್ ಇಂಡಿಯಾ’, ಸಿತಾರ್ ಕಛೇರಿಯ ಕಥೆಯಾದ ‘ದ ಕನ್ಸರ್ಟ್’ಗೆ ‘ಜಾಝ್ ಪೊಯೆಮ್ ಟೂ’. ಎಂಟು ಜೋಡಿಗಳ ನಡುವೆ ಪರಸ್ಪರ ಹೆಣಿಗೆ ಕಡಿಮೆ. ಆ್ಯಪಲ್‌ಬೀ ಅಳತೆಗೆ ಇದು ಬಿಡಿಬಿಡಿ ಸಂಗ್ರಹ. ಆದರೆ ಒಂದೊಂದು ಜೋಡಿಯೂ ತನ್ನೊಳಗೇ ಒಂದು ಸಂವಾದವಾಗಬಲ್ಲದು. ಹಾಗೆ ಆಗದಂತೆ ತಡೆಯುವುದು ಮೊದಲೇ ಘೋಷಿಸಿದ ಆಶಯ.

‘ಎ ಹೀರೋ’ ಮತ್ತು ‘ಗ್ರ್ಯಾಂಡ್‌ಮಾ ಕ್ಲೈಂಬ್ಸ್ ಎ ಟ್ರೀ’ ಜೋಡಿಯನ್ನು ನೋಡಿ. ಈ ಘಟಕದ ಆಶಯ ಧೈರ್ಯ ಎಂದು ಕರಿಹಲಗೆಯ ಮೇಲೆ ಬರೆದು ಪಾಠ ಶುರುಮಾಡಿದರೆ ಆರ್. ಕೆ. ನಾರಾಯಣರ ಸ್ವಾಮಿ ಕಳ್ಳನನ್ನು ಹಿಡಿದ ಧೀರ, ರಸ್ಕಿನ್ ಬಾಂಡರ ಅಜ್ಜಿ ಮರ ಹತ್ತಿದ ಧೀರೆ. ಅಲ್ಲಿಗೆ ಮಾತು ಮುಗಿಯಿತು. ಕಥೆ ಹೇಳುವುದು ಬೇರೆಯದನ್ನೇ. ಹುಲಿಯೊಂದಿಗೆ ಹೋರಾಡಿದ ಹಳ್ಳಿ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಪ್ಪ, ಮಗನೂ ಧೈರ್ಯವಂತನಾಗಬೇಕೆಂದು ಹಟ ಹಿಡಿದು ಅವನನ್ನು ಆಫೀಸು ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾನೆ. ಬೆಂಚಿನ ಕೆಳಗೆ ಮುದುರಿದ ಸ್ವಾಮಿ, ಕತ್ತಲಲ್ಲಿ ಏನೋ ಅಲುಗಿದ್ದನ್ನು ಕಂಡು ತನ್ನ ಕಥೆ ಮುಗಿಯಿತೆಂದುಕೊಂಡು ಅದನ್ನು ತಬ್ಬಿ ಕಚ್ಚುತ್ತಾನೆ. ಅದು ಭಯದ ಕಚ್ಚು. ಊರೆಲ್ಲ ಹೊಗಳಿದ ಮೇಲೂ ಅವನು ಮಲಗುವುದು ಅಜ್ಜಿಯ ಪಕ್ಕದಲ್ಲೇ. ಇನ್ನು ಬಾಂಡರ ಅಜ್ಜಿ, 62ರ ವಯಸ್ಸಿನಲ್ಲಿ ಮರ ಹತ್ತಿ ಇಳಿಯಲಾರದೆ ಸಿಕ್ಕಿಬಿದ್ದವಳು, ಹಾಸಿಗೆ ಬಿಟ್ಟೆದ್ದ ಮೇಲೆ ಕೇಳುವುದು ಮರದ ಮೇಲೊಂದು ಮನೆಯನ್ನು. ಅವಳಿಗೆ ಮರ ಹತ್ತುವುದು ಸಾಹಸವೇ ಅಲ್ಲ, ಬಾಲ್ಯದಿಂದ ಬಂದ ಖುಷಿ. ಎರಡನ್ನೂ ಓದಿ ಮುಗಿಸಿ ಅಕ್ಕಪಕ್ಕ ಇಟ್ಟಾಗ ಹೊಳೆಯುವ ಪ್ರಶ್ನೆಯೇ ಬೇರೆ: ಈ ವಯಸ್ಸಿಗೆ ಇದು ತಕ್ಕದ್ದು, ಇದು ತಕ್ಕದ್ದಲ್ಲ ಎಂದು ತೀರ್ಮಾನಿಸುವವರು ಯಾರು? ಹುಡುಗನಿಗೆ ವಯಸ್ಸಿಗೆ ಮೀರಿದ್ದನ್ನು ಮಾಡು ಎನ್ನುತ್ತಾರೆ. ಮುದುಕಿಗೆ ಮೀರಬೇಡ ಎನ್ನುತ್ತಾರೆ. ಹದಿನಾರರ ಹುಡುಗ ಹುಡುಗಿಯರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನಾವುದು?

‘ಕಲರ್ಸ್ ಆಫ್ ಸೈಲೆನ್ಸ್’ ಮತ್ತು ‘ದ ಬ್ಲೈಂಡ್ ಬಾಯ್’ ಜೋಡಿ ಇನ್ನೂ ಸೂಕ್ಷ್ಮ. ಮೊದಲನೆಯದು ಬಾಲ್ಯದಲ್ಲಿ ಶ್ರವಣಶಕ್ತಿ ಕಳೆದುಕೊಂಡು ಕಲಾವಿದರಾಗಿ ಬೆಳೆದ ಸತೀಶ್ ಗುಜ್ರಾಲರ ಬದುಕು. ಎರಡನೆಯದು ಕಾಲಿ ಸಿಬ್ಬರ್ (1671–1757) ಬರೆದ ಕವಿತೆ. ಅಲ್ಲಿನ ಕುರುಡು ಹುಡುಗ ತಾನು ಹಾಡುತ್ತಿರುವಷ್ಟು ಹೊತ್ತು ಅರಸನೇ ಎನ್ನುತ್ತಾನೆ. ‘ಅಂಗವೈಕಲ್ಯವನ್ನು ಮೆಟ್ಟಿ ನಿಲ್ಲುವುದು’ ಎಂಬ ತಲೆಬರಹ ಕೊಟ್ಟರೆ ಎರಡಕ್ಕೂ ಒಂದೇ ಉತ್ತರ ಸಾಕು. ಆದರೆ ಕವಿತೆಯ ಹುಡುಗ ತನಗೆ ಎಂದೂ ಗೊತ್ತಿರದ ನಷ್ಟವನ್ನು ಸಹಿಸುವುದು ಕಷ್ಟವಲ್ಲ ಎನ್ನುತ್ತಾನೆ. ಸತೀಶ್‌ಗೆ ಆ ಸಮಾಧಾನವಿಲ್ಲ. ಸದ್ದು ಏನೆಂದು ಅವನಿಗೆ ಗೊತ್ತಿತ್ತು. ಜೊತೆಗೆ ಹುಡುಗನ ಬಾಯಲ್ಲಿ ಈ ತೃಪ್ತಿಯ ಮಾತನ್ನು ಇಟ್ಟವನು ಅವನಲ್ಲ, ಒಬ್ಬ ನಾಟಕಕಾರ. ತೃಪ್ತಿ ಯಾರದು, ಅದನ್ನು ಹೇಳುತ್ತಿರುವವರು ಯಾರು ಎಂದು ಕೇಳಲು ಕವಿತೆಗೆ ಗುಜ್ರಾಲರ ಬದುಕು ಎದುರಾಗಲೇಬೇಕು.

ರೋಸೆನ್‌ಬ್ಲಾಟ್ 1978ರ ಕೃತಿಯಲ್ಲಿ ಎರಡು ಬಗೆಯ ಓದನ್ನು ಬೇರ್ಪಡಿಸಿದರು: ಓದಿದ ಮೇಲೆ ಏನನ್ನು ಹೊತ್ತೊಯ್ಯಬೇಕೆಂಬ ಲೆಕ್ಕದ ಓದು, ಓದುವ ಗಳಿಗೆಯನ್ನೇ ಬದುಕುವ ಓದು. ಮೊದಲೇ ಹೇಳಿದ ಆಶಯ ಕವಿತೆಯನ್ನು ಮೊದಲ ಬಗೆಗೆ ತಳ್ಳುತ್ತದೆ. ಮಕ್ಕಳು ಧೈರ್ಯದ ಉದಾಹರಣೆ ಹೆಕ್ಕಲು ಓದುತ್ತಾರೆ. ಹಾಗಾಗಿ ನನ್ನ ವಾದ ಇಷ್ಟು: ಜೋಡಿಪಾಠಗಳಲ್ಲಿ ಆಶಯವನ್ನು ಎರಡನೇ ಪಠ್ಯ ಓದಿದ ಮೇಲೆಯೇ, ಅದೂ ಪ್ರಶ್ನೆಯ ರೂಪದಲ್ಲಿ ಹೇಳಬೇಕು.

ಈ ವಾದಕ್ಕೆ ಮಿತಿಗಳಿವೆ. ಇದು ಎಲ್ಲ ಜೋಡಿಗಳಿಗೂ ಸಮನಾಗಿ ಒಗ್ಗಲಾರದು. ಹಡಗುಗಳ ಜೋಡಿಯಲ್ಲಿ ವಸ್ತುಸಾಮ್ಯವೇ ಎದ್ದು ಕಾಣುತ್ತದೆ, ಅದನ್ನು ಬಲವಂತವಾಗಿ ಪ್ರಶ್ನೆಯಾಗಿಸುವುದು ಸಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಕವಿತೆ ಪದಪದಕ್ಕೂ ತೊಡಕಾಗಬಹುದು. ಅಂಥ ಕಡೆ ಮೊದಲೇ ಹೇಳಿದ ಆಶಯ ಊರುಗೋಲಾಗುತ್ತದೆ ಎಂಬ ಶಿಕ್ಷಕರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಕೆಲಸಕ್ಕೆ ಕಠಿಣ ಪದಗಳ ಅರ್ಥ, ಕಥೆಯ ಹಿನ್ನೆಲೆ ಸಾಕು. ಅದಕ್ಕಾಗಿ ಕವಿತೆಯ ತೀರ್ಪನ್ನೇ ಮೊದಲು ಕೊಡಬೇಕಿಲ್ಲ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಸಾಮಾನ್ಯವಾಗಿ ಗದ್ಯ, ಪದ್ಯಗಳನ್ನು ಬೇರೆಬೇರೆಯಾಗಿ ಕೇಳುತ್ತದೆ. ಎರಡನ್ನೂ ಒಟ್ಟಿಗೆ ಓದಿದ್ದಕ್ಕೆ ಅಂಕವಿಲ್ಲದಿದ್ದರೆ ಶಿಕ್ಷಕರು ಆ ಹೊರೆಯನ್ನೇಕೆ ಹೊರಬೇಕು?

ನಾನು ಇಲ್ಲಿ ಆಧರಿಸಿರುವುದು ಪುಸ್ತಕದ ರಚನೆಯನ್ನು, ತರಗತಿಯ ದಾಖಲೆಯನ್ನಲ್ಲ. ಆಶಯವನ್ನು ಮೊದಲು ಹೇಳಿದ ವಿಭಾಗದಲ್ಲೂ ಕೊನೆಗೆ ಹೇಳಿದ ವಿಭಾಗದಲ್ಲೂ ಮಕ್ಕಳು ಒಂದೇ ಜೋಡಿಯ ಬಗ್ಗೆ ಬರೆದ ಉತ್ತರಗಳನ್ನು ಹೋಲಿಸಿದಾಗಲೇ ಈ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿದೀತು. ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರು ಅಂಥ ಬರಹಗಳನ್ನು ವರ್ಷದ ಕೊನೆಗೆ ರದ್ದಿಗೆ ಹಾಕದೆ, ಮಕ್ಕಳ ಹೆಸರು ತೆಗೆದು ಕಾಪಿಟ್ಟು, ಸಂಶೋಧಕರಿಗೆ ಒದಗಿಸಬೇಕೆಂದು ಕೋರುತ್ತೇನೆ.