ಒಂದೇ ಯೋಚನೆ, ಬೇರೆ ಬೇರೆ ಊರು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮುಂದೆ ನಿಂತವರ ಕಣ್ಣು ಕಂಬಗಳಿಗಿಂತ ಮೊದಲು ಮಾಡಿನ ಮೇಲೆ ಹೋಗುತ್ತದೆ. 1430ರಲ್ಲಿ ಕಟ್ಟಿದ ಈ ತ್ರಿಭುವನ ತಿಲಕ ಚೂಡಾಮಣಿ ಬಸದಿಗೆ ಬಯಲುಸೀಮೆಯ ದೇಗುಲಗಳಿಗಿರುವಂಥ ಶಿಖರವಿಲ್ಲ. ಒಂದರ ಮೇಲೊಂದು ಇಳಿಜಾರಾದ ಮಾಡುಗಳು. ಕೆಳಗೆ ಕಲ್ಲಿನ ಹಾಸುಗಳು, ಮೇಲೆ ತಾಮ್ರದ ಹೊದಿಕೆ. ಭಾರತೀಯ ವಾಸ್ತುಶಿಲ್ಪದ ಚರಿತ್ರೆಯನ್ನು 1876ರಲ್ಲಿ ಪ್ರಕಟಿಸಿದ ಜೇಮ್ಸ್ ಫರ್ಗುಸನ್ನರು ಇದನ್ನು ದ್ರಾವಿಡ ಶೈಲಿಗೂ ಸೇರಿಸಲಾರದೆ, ಉತ್ತರದ ಶೈಲಿಗೂ ಸೇರಿಸಲಾರದೆ ಬೆರಗಾದರು. ಇದಕ್ಕೆ ಹತ್ತಿರದ ಹೋಲಿಕೆ ಅವರಿಗೆ ದೊರೆತುದು ದೂರದ ನೇಪಾಳದಲ್ಲಿ.

ತುಳುನಾಡಿನ ಒಂದು ಪೇಟೆಗೂ ಹಿಮಾಲಯದ ಮಡಿಲಿನ ಕಣಿವೆಗೂ ಏನು ನಂಟು? ಹೋಲಿಕೆ ಕಂಡೊಡನೆ ಒಂದನ್ನು ತಾಯಿಯೆಂದೂ ಇನ್ನೊಂದನ್ನು ಮಗುವೆಂದೂ ಹೇಳಿಬಿಡುವುದು ನಮ್ಮ ಅಭ್ಯಾಸ. ಯಾರಿಂದ ಯಾರು ಕಲಿತರು ಎಂದು ಕೇಳುತ್ತೇವೆ. ಒಬ್ಬರಿಂದ ಒಬ್ಬರು ಕಲಿಯದೆಯೇ ಇಬ್ಬರಿಗೂ ಒಂದೇ ಯೋಚನೆ ಹೊಳೆದಿರಬಹುದೆ ಎಂದು ಕೇಳುವುದು ಅಪರೂಪ. ಇಂದಿನ ಈ ಭಾಷಣದಲ್ಲಿ ಆ ಅಪರೂಪದ ಪ್ರಶ್ನೆಯನ್ನೇ ಕೇಳಿಕೊಳ್ಳೋಣ.

ವಿಜ್ಞಾನದ ಚರಿತ್ರೆಯಲ್ಲಿ ಇಂಥ ಸಂಗತಿಗಳು ಬೇಕಾದಷ್ಟಿವೆ. 1858ರಲ್ಲಿ ಮಲಯ ದ್ವೀಪಗಳಿಂದ ವಾಲೇಸ್ ಕಳುಹಿಸಿದ ಪ್ರಬಂಧವನ್ನು ಓದಿದ ಡಾರ್ವಿನ್, ತಾನು ಇಪ್ಪತ್ತು ವರ್ಷ ಮನಸ್ಸಿನಲ್ಲಿ ಬೆಳೆಸಿದ್ದ ಸಿದ್ಧಾಂತವನ್ನೇ ಅದರಲ್ಲಿ ಕಂಡು ದಿಗ್ಭ್ರಮೆಗೊಂಡರು. ಆಗ್‌ಬರ್ನ್ ಮತ್ತು ಥಾಮಸ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು 1922ರಲ್ಲಿ ಇಂಥ 148 ನಿದರ್ಶನಗಳನ್ನು ಪಟ್ಟಿಮಾಡಿದರು. ಆದರೆ ವಿಜ್ಞಾನಿಗಳು ಪತ್ರಗಳನ್ನೂ ತಾರೀಕುಗಳನ್ನೂ ಬಿಟ್ಟುಹೋಗುತ್ತಾರೆ. ಹಾರೆ ಪಿಕಾಸಿ ಹಿಡಿದವನು ದಿನಚರಿ ಬರೆಯುವುದಿಲ್ಲ. ಅವನ ಯೋಚನೆ ಅವನದೋ ಎರವಲೋ ಎಂಬುದನ್ನು ಅವನು ಮಾಡಿದ ವಸ್ತುವಿನಿಂದಲೇ ತಿಳಿಯಬೇಕು.

ತಿಳಿಯುವ ಬಗೆಯನ್ನು ಬೆಳ್ತಂಗಡಿ ತಾಲೂಕಿನ ವೇಣೂರು ಕಲಿಸುತ್ತದೆ. ಅಲ್ಲಿಯ ಗೊಮ್ಮಟನನ್ನು ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದನು. ಶ್ರವಣಬೆಳಗೊಳದ ಮೂರ್ತಿ ಹತ್ತನೆಯ ಶತಮಾನದ ಕೊನೆಯದು; ಕಾರ್ಕಳದ್ದು 1432ರದು. ಈ ಮೂರರ ಹೋಲಿಕೆಯನ್ನು ಯಾರೂ ಆಕಸ್ಮಿಕವೆನ್ನಲಾರರು. ನಿಂತ ನಿಲುವು, ತೋಳಿಗೆ ಹಬ್ಬಿದ ಬಳ್ಳಿ, ಇವೆಲ್ಲ ನೆಲದ ಅಥವಾ ಮಳೆಯ ಒತ್ತಾಯದಿಂದ ಬಂದವಲ್ಲ. ಒಂದು ಕಥೆಯಿಂದ, ಒಂದು ಪರಂಪರೆಯಿಂದ ಬಂದವು. ಬೇರೆ ರೀತಿಯಲ್ಲಿಯೂ ಇರಬಹುದಾಗಿದ್ದ ಅಂಶಗಳು ಸಹ ಹೊಂದಿಕೊಂಡರೆ ಅದು ಬಳುವಳಿ. ಪ್ರಯೋಜನಕ್ಕೆ ಬೇಕೇಬೇಕಾದ ಅಂಶಗಳು ಮಾತ್ರ ಹೊಂದಿಕೊಂಡರೆ, ಇಬ್ಬರಿಗೂ ಗುರು ಒಂದೇ ಬಗೆಯ ಕಷ್ಟವೆಂದು ಹೇಳಬಹುದು.

ಈ ಅಳತೆಗೋಲನ್ನು ಹಿಡಿದು ಬಂಟ್ವಾಳ ತಾಲೂಕಿನ ದಕ್ಷಿಣದ ಅಂಚಿಗೆ ಹೋಗೋಣ. ವಿಟ್ಲದಿಂದಾಚೆಗೆ ಕೇಪು, ಅಡ್ಯನಡ್ಕ, ಮಾಣಿಲ, ಅಲ್ಲಿಂದ ಕಾಸರಗೋಡಿನ ಪಡ್ರೆ, ಬಾಯಾರು: ಇದೆಲ್ಲ ಮುರಕಲ್ಲಿನ ಗುಡ್ಡಗಳ ನಾಡು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬಿದ್ದರೂ ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಸಮುದ್ರ ಸೇರುತ್ತದೆ. ಫಾಲ್ಗುಣ ಚೈತ್ರಗಳಲ್ಲಿ ಅಡಿಕೆ ತೋಟ ಬಾಯಾರಿ ನಿಲ್ಲುತ್ತದೆ. ಗುಡ್ಡದ ಓರೆಯಲ್ಲಿ ಬಾವಿ ತೋಡಿದರೆ ಆಳ ಹೆಚ್ಚು. ನೀರು ಸಿಕ್ಕಿದರೂ ಅದನ್ನು ಮೇಲೆತ್ತಲು ರಟ್ಟೆ ಸಾಲದು.

ಇಲ್ಲಿಯ ಜನ ಕೆಳಕ್ಕೆ ತೋಡುವ ಬದಲು ಅಡ್ಡಕ್ಕೆ ಕೊರೆದರು. ಅದಕ್ಕೆ ಅವರಿಟ್ಟ ಹೆಸರು ಸುರಂಗ. ಒಬ್ಬ ಆಳು ಬಾಗಿಯೋ ನೆಟ್ಟಗೋ ಹೋಗುವಷ್ಟು ಎತ್ತರ, ಮೈ ತೂರುವಷ್ಟು ಅಗಲ. ಗುಡ್ಡದ ಬದಿಯಿಂದ ಒಳಕ್ಕೆ, ತುಸುವೇ ಏರುವಂತೆ ಅಗೆಯುತ್ತಾರೆ. ಮುರಕಲ್ಲು ರಂಧ್ರಗಳ ಕಲ್ಲು. ಇಂಗಿದ ಮಳೆನೀರು ಅದರೊಳಗೆ ಇಳಿದು ಅಡಿಯ ಜೇಡಿಯ ಪದರದ ಮೇಲೆ ತಂಗುತ್ತದೆ. ಆ ಒರತೆಗೆ ಸುರಂಗ ತಾಗಿದರೆ ನೀರು ತಾನಾಗಿ ಹೊರಗೆ ಹರಿದುಬರುತ್ತದೆ. ಒಳಗೆ ಸಣ್ಣದೊಂದು ಮಣ್ಣಿನ ಕಟ್ಟ ಕಟ್ಟಿ, ಅಡಿಕೆ ಮರದ ದಂಬೆಯಲ್ಲಿ ನೀರನ್ನು ಕೆರೆಗೋ ಹೊಂಡಕ್ಕೋ ಇಳಿಸುತ್ತಾರೆ. ಎತ್ತುವ ಕೆಲಸವೇ ಇಲ್ಲ. ಇಳಿಜಾರೇ ಎತ್ತು, ಇಳಿಜಾರೇ ಏತ.

ಇದೇ ಯೋಚನೆ ಇರಾನಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಕನಾತ್ ಎಂಬ ಹೆಸರಿನಲ್ಲಿ ಬಾಳಿಕೊಂಡು ಬಂದಿದೆ. ಆದುದರಿಂದ ನಮ್ಮ ಸುರಂಗವೂ ಅರಬ್ಬೀ ಸಮುದ್ರದ ವ್ಯಾಪಾರಿಗಳ ಜೊತೆ ಬಂದಿರಬೇಕೆಂದು ಕೆಲವರ ಮತ. ದಾರಿಯೇನೋ ತೆರೆದೇ ಇತ್ತು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನಲ್ಲಿಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದನು. ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ನಾವು ವಸ್ತುವನ್ನೇ ಕೇಳೋಣ.

ಕನಾತಿನವರು ಮೊದಲು ದೂರದ ಬೆಟ್ಟದ ಬುಡದಲ್ಲಿ ಆಳವಾದ ತಾಯಿಬಾವಿಯೊಂದನ್ನು ತೋಡಿ ನೀರನ್ನು ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ಊರಿನ ಕಡೆಯಿಂದ ಅದರತ್ತ ಕೊರೆಯುತ್ತಾ, ದಾರಿಯುದ್ದಕ್ಕೂ ಮಣ್ಣೆತ್ತುವುದಕ್ಕೂ ಗಾಳಿಗೂ ಸಾಲು ಸಾಲಾಗಿ ಕಂಡಿಬಾವಿಗಳನ್ನು ಇಳಿಸುತ್ತಾರೆ. ಗೊನಾಬಾದಿನ ಕನಾತಿನ ಉದ್ದ 33 ಕಿಲೋಮೀಟರು. ಇಂಥ ಕೆಲಸಕ್ಕೆ ಅರಸರ ಆಶ್ರಯ ಬೇಕು. ನೀರು ತಂದವರಿಗೆ ಪಾರಸಿಕ ದೊರೆಗಳು ಐದು ತಲೆಮಾರಿನವರೆಗೆ ಭೂಮಿಯ ಅನುಭೋಗ ಕೊಡುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಹೇಳುತ್ತಾನೆ. ಬಂಟ್ವಾಳದ ಸುರಂಗಕ್ಕೆ ತಾಯಿಬಾವಿಯಿಲ್ಲ. ಕೆಲವು ಉದ್ದದ ಸುರಂಗಗಳಿಗೆ ಗಾಳಿಗೆಂದು ಕಂಡಿ ತೋಡಿದ್ದುಂಟು. ಹೆಚ್ಚಿನವಕ್ಕೆ ಅದೂ ಇಲ್ಲ. ಅದು ಒಂದು ಮನೆಯ, ಒಂದು ತೋಟದ ಸ್ವತ್ತು. ಅಗೆಯುವವನು ಮಣ್ಣಿನ ತೇವವನ್ನು ನಂಬಿ, ನೀರು ಉಂಟೋ ಇಲ್ಲವೋ ತಿಳಿಯದೆ ಕತ್ತಲೆಗೆ ನುಗ್ಗುತ್ತಾನೆ. ಎರಡಕ್ಕೂ ಸಮಾನವಾದುದು ಇಳಿಜಾರಿನ ಉಪಾಯ ಮಾತ್ರ, ಉಳಿದುದೆಲ್ಲ ಬೇರೆ. ಅಲ್ಲಿ ಮಳೆಯಿಲ್ಲದ ನಾಡಿನ ಕಷ್ಟ, ಇಲ್ಲಿ ಮಳೆ ನಿಲ್ಲದ ನಾಡಿನ ಕಷ್ಟ.

ಎರವಲು ಬಂದರೆ ಹೇಗೆ ಕಾಣುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ಬೀದರಿನ ನೆಲವೂ ಮುರಕಲ್ಲಿನದೇ. ಅಲ್ಲಿಯ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ನೀರಿನ ಸುರಂಗವಿದೆ. ಉದ್ದ ಮೂರು ಕಿಲೋಮೀಟರಿಗೂ ಮಿಕ್ಕಿದ್ದು. ನೆಲದ ಮೇಲೆ ಸಾಲಾಗಿ ಕಂಡಿಬಾವಿಗಳು, ಒಳಗೆ ನೇರವಾದ ಕಾಲುವೆ, ಹೆಸರು ಪಾರಸಿಯದೇ ಆದ ಕರೇಜ್. ಇರಾನಿನ ಮಹಮೂದ್ ಗವಾನನು ಮಂತ್ರಿಯಾಗಿದ್ದ ರಾಜಧಾನಿಯದು. ಅಲ್ಲಿ ವಸ್ತುವೂ ಬಂದಿದೆ, ವಿಧಾನವೂ ಬಂದಿದೆ, ಹೆಸರೂ ಬಂದಿದೆ.

ಹೆಸರೊಂದನ್ನೇ ನಂಬುವಂತೆಯೂ ಇಲ್ಲ. ‘ಸುರಂಗ’ವೆಂಬ ಮಾತು ಅಪ್ಪಟ ದೇಶೀಯವೆಂದು ನಾವು ತಿಳಿದಿದ್ದೇವೆ. ಆದರೆ ಸಂಸ್ಕೃತದ ‘ಸುರುಂಗಾ’ ಶಬ್ದ ಕೊಳವೆಯೆಂಬ ಅರ್ಥದ ಗ್ರೀಕಿನ ‘ಸಿರಿಂಕ್ಸ್’ನಿಂದ ಬಂದುದೆಂದು ಅನೇಕ ಭಾಷಾವಿದರ ಅಭಿಪ್ರಾಯ. ಹಾಗಿದ್ದರೆ ಮಾತು ಸಮುದ್ರ ದಾಟಿ ಬಂದಿತು. ಮಾಣಿಲದ ಗುಡ್ಡವನ್ನು ಕೊರೆಯುವ ಉಪಾಯಕ್ಕೆ ಸಮುದ್ರ ದಾಟಬೇಕಾಗಿರಲಿಲ್ಲ.

ಈ ವಿಚಾರ ಕೇವಲ ಪಾಂಡಿತ್ಯದ್ದಲ್ಲ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿಕಾರರಾಗಿದ್ದವರು. ಎಪ್ಪತ್ತರ ದಶಕದ ಕೊನೆಗೆ ಭೂಮಾಲಿಕರೊಬ್ಬರು ಅವರಿಗೆ ಎರಡು ಎಕರೆ ಬೋಳುಗುಡ್ಡವನ್ನು ಕೊಟ್ಟರು. ಹಗಲು ಕೂಲಿ ಮಾಡಿ, ರಾತ್ರಿ ದೀಪ ಹಚ್ಚಿಕೊಂಡು ಅವರೊಬ್ಬರೇ ಸುರಂಗ ಕೊರೆದರು. ಒಂದು ಒಣಗಿತು, ಇನ್ನೊಂದು, ಮತ್ತೊಂದು ಒಣಗಿದವು. ಜನ ನಕ್ಕರು. ವರ್ಷಗಳ ಮೇಲೆ ನೀರು ಬಂದಿತು, ಗುಡ್ಡ ತೋಟವಾಯಿತು; 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಸುರಂಗವನ್ನು ನಾಯ್ಕರು ಕಂಡುಹಿಡಿದವರಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಅದು ಇತ್ತು. ಆದರೆ ತನ್ನ ಗುಡ್ಡದ ನೀರು ಎಲ್ಲಿದೆಯೆಂದು ಯಾವ ಹಿರಿಯನೂ ಅವರಿಗೆ ಹೇಳಿಕೊಡಲಾರದವನಾಗಿದ್ದನು. ಕಲಿತ ವಿದ್ಯೆಯನ್ನೂ ಪ್ರತಿಯೊಬ್ಬನು ತನ್ನ ನೆಲದಲ್ಲಿ ಮತ್ತೊಮ್ಮೆ ಕಂಡುಕೊಳ್ಳಬೇಕು. ಕೊಳವೆ ಬಾವಿ ಬಂದ ಮೇಲೆ ಹಾಗೆ ಕಂಡುಕೊಳ್ಳುವವರು ವಿರಳವಾಗುತ್ತಿದ್ದಾರೆ. ಅವರ ವಿದ್ಯೆಯನ್ನು ಎಲ್ಲಿಂದಲೋ ಬಂದ ಎರವಲೆಂದು ಬದಿಗಿಟ್ಟರೆ, ಅದು ನಶಿಸಿದಾಗ ನಷ್ಟ ನಮ್ಮದೆಂದು ನಮಗೆ ಅನ್ನಿಸುವುದೂ ಇಲ್ಲ.

ಈಗ ಮೂಡುಬಿದಿರೆಗೆ ಮರಳೋಣ. ನೇಪಾಳಕ್ಕೂ ತುಳುನಾಡಿಗೂ ದಾರಿಯೇ ಇರಲಿಲ್ಲವೆನ್ನುವಂತಿಲ್ಲ. ಮಂಗಳೂರಿನ ಕದ್ರಿ ನಾಥಪಂಥದ ಪೀಠ; ಅಲ್ಲಿ 968ರಲ್ಲಿ ಆಳುಪರ ಕುಂದವರ್ಮನು ಲೋಕೇಶ್ವರನನ್ನು ಸ್ಥಾಪಿಸಿದನು. ನೇಪಾಳದಲ್ಲಿಯೂ ಮತ್ಸ್ಯೇಂದ್ರನಾಥನನ್ನು ಲೋಕೇಶ್ವರನೆಂದೇ ಪೂಜಿಸುತ್ತಾರೆ. ಜೋಗಿಗಳು ಆ ದಾರಿಯಲ್ಲಿ ನಡೆದಿರಬಹುದು. ಆದರೆ ಮಾಡು ಇಳಿಜಾರಾಗಿರಬೇಕೆಂದು ಕಲಿಯಲು ನಮ್ಮ ಬಡಗಿ ಜೋಗಿಗಾಗಿ ಕಾಯಬೇಕಾಗಿತ್ತೆ? ಅವನ ಸ್ವಂತ ಮುಳಿಹುಲ್ಲಿನ ಮನೆಗೇ ಇಳಿಜಾರಿನ ಮಾಡಿತ್ತು. ಆಟಿಯ ಮಳೆಗೆ ಚಪ್ಪಟೆ ಮಾಡು ನಿಲ್ಲದೆಂಬುದನ್ನು ತುಳುನಾಡಿನ ಮಗುವೂ ಬಲ್ಲದು. ಹೇರಳವಾದ ಮರ, ಬಿರುಸಾದ ಮಳೆ, ದೇವರಿಗೆ ಎತ್ತರದ ಮನೆ ಬೇಕೆಂಬ ಆಸೆ: ಈ ಮೂರೂ ಕೂಡಿದಲ್ಲಿ ಮಾಡಿನ ಮೇಲೊಂದು ಮಾಡು ಏಳುವುದು ಸಹಜ.

ಎಲ್ಲವೂ ನಮ್ಮಲ್ಲೇ ಮೊದಲು ಹುಟ್ಟಿತೆಂಬುದು ಜಂಬ. ಎಲ್ಲವೂ ಹೊರಗಿನಿಂದಲೇ ಬಂದಿತೆಂಬುದು ದೈನ್ಯ. ಎರಡರಲ್ಲಿಯೂ ಮರೆತುಹೋಗುವವನು ಗುಡ್ಡದೊಳಗೆ ದೀಪ ಹಿಡಿದು ಕುಳಿತ ಮನುಷ್ಯ. ಎಂದೂ ಕಾಣದ ಇರಾನಿನ ಒಬ್ಬ ಅಗೆತದವನಿಗೆ ಹೊಳೆದುದೇ ಅವನಿಗೂ ಹೊಳೆಯಿತು. ಅದರಿಂದ ಇಬ್ಬರಲ್ಲಿ ಯಾರ ಹಿರಿಮೆಯೂ ಕುಂದುವುದಿಲ್ಲ, ಇಬ್ಬರೂ ನೆಂಟರಾಗುತ್ತಾರೆ.