ತಂಬಿಗೆ ನೀರು, ಬೆಲ್ಲದ ಚೂರು

ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಬೆಲ್ಲ, ನೀರು. ಮಾತು ಆಮೇಲೆ. ಬೇಲೂರು ಸೀಮೆಯ ಹಳೆಯ ಮನೆಗಳಲ್ಲಿ ಇದು ರೂಢಿಯಾಗಿತ್ತು. ಬಂದವರು ಜಗುಲಿಯಲ್ಲಿ ಕೂತು, ಉಂಡೆಯಿಂದ ಒಡೆದ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ತಂಬಿಗೆಯನ್ನು ತುಟಿಗೆ ತಾಗಿಸದೆ ಮೇಲೆತ್ತಿ ಕುಡಿದು ಮುಗಿಸುವವರೆಗೆ ಯಾರೂ ಊರಿನ ಸುದ್ದಿ ಕೇಳುತ್ತಿರಲಿಲ್ಲ.

ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆ ದತ್ತಿ ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಸಿಗುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಚನ್ನಕೇಶವನನ್ನು ಪ್ರತಿಷ್ಠಾಪಿಸಿದ ಬೇಲೂರಿಗೆ ಜನ ಬರುತ್ತಿದ್ದುದು ಕಾಲ್ನಡಿಗೆಯಲ್ಲೋ ಗಾಡಿಯಲ್ಲೋ. ಹಳೇಬೀಡಿನಿಂದ ಇಲ್ಲಿಗೆ 16 ಕಿಲೋಮೀಟರ್. ನಡೆದರೆ ಮೂರು ಗಂಟೆಗೂ ಮೇಲೆ. ಚೈತ್ರದ ತೇರಿನ ಬಿಸಿಲಿನಲ್ಲಿ ಬೆಲ್ಲದ ಪಾನಕ ಬರೀ ನೈವೇದ್ಯವಲ್ಲ, ಕಾಲಿಗೆ ಕಸುವು ಕೂಡ.

ಹಸಿವಿಗೆ ಕೈ ನಡುಗುವುದು, ಬೆವರುವುದು, ಕಣ್ಣು ಕತ್ತಲಿಡುವುದು ಜನಕ್ಕೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಮೊದಲ ಬಾರಿಗೆ ಸಕ್ಕರೆ ಕಾಯಿಲೆಯ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚಿದರು. ಡೋಸು ಹೆಚ್ಚಾದವರು ರಕ್ತದ ಸಕ್ಕರೆ ಕುಸಿದು, ಬೆವತು ನಡುಗುವುದನ್ನು ವೈದ್ಯರು ಕಂಡರು. ಇನ್ಸುಲಿನ್ ಮುಟ್ಟದವರಲ್ಲೂ ಅದೇ ಲಕ್ಷಣ ಇದೆಯಲ್ಲ ಎಂದು ಅಮೆರಿಕದ ವೈದ್ಯ ಸೀಲ್ ಹ್ಯಾರಿಸ್ 1924ರಲ್ಲಿ ಬರೆದ: ಮೈಯೇ ಇನ್ಸುಲಿನ್ ಅತಿಯಾಗಿ ಸುರಿಸುತ್ತಿದೆ.

ಇನ್ಸುಲಿನ್‌ಗೆ ಮೈ ಬಗ್ಗದವರ ಕಥೆಯೂ ಹೀಗೇ. ಉಂಡ ಕೂಡಲೇ ಬರಬೇಕಾದ ಇನ್ಸುಲಿನ್ ತಡವಾಗುತ್ತದೆ, ಸಕ್ಕರೆ ಏರುತ್ತದೆ, ಆಮೇಲೆ ಮೇದೋಜೀರಕ ಗ್ರಂಥಿ ಗಾಬರಿಬಿದ್ದಂತೆ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ಕೆಲವರಲ್ಲಿ ಎರಡರಿಂದ ನಾಲ್ಕು ಗಂಟೆಯಲ್ಲಿ ಸಕ್ಕರೆ ಕುಸಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೇಸರಿಬಾತು, ಸಕ್ಕರೆ ಮುಂದಾದ ಕಾಫಿ. ಹನ್ನೊಂದಕ್ಕೆ ಅಂಗಡಿಯ ಗಲ್ಲಾದಲ್ಲಿ ಚಿಲ್ಲರೆ ಎಣಿಸುವ ಬೆರಳು ನಡುಗುತ್ತದೆ. ಆಗ ಇನ್ನೊಂದು ಸಿಹಿ ಕಾಫಿ. ಉಯ್ಯಾಲೆ ಮತ್ತೆ ಶುರು.

ಆ ಕಾಲದ ಅಜ್ಜನೂ ಬೆಲ್ಲ ತಿಂದ, ನಿಜ. ಆದರೆ ಅವನು ಉಂಡದ್ದು ರಾಗಿಮುದ್ದೆ, ಹುರುಳಿ ಬಸ್ಸಾರು. ಸವೆಸಿದ್ದು ಹೊಲದ ದಾರಿ. ದುಡಿಯುವ ಸ್ನಾಯು ಕಡಿಮೆ ಇನ್ಸುಲಿನ್‌ನಲ್ಲೇ ಸಕ್ಕರೆ ಎಳೆದುಕೊಳ್ಳುತ್ತದೆ. ನಡಿಗೆ ಹೋಯಿತು, ಬೆಲ್ಲ ಉಳಿಯಿತು. 'ಸಕ್ಕರೆ ಬೇಡ, ಬೆಲ್ಲವಾದರೆ ಪರವಾಗಿಲ್ಲ' ಎನ್ನುವವರಿಗೆ ಹೇಳಬೇಕಾದ ಮಾತೊಂದಿದೆ: ಬೆಲ್ಲದ ಬಹುಪಾಲೂ ಸಕ್ಕರೆಯೇ.

ಸಕ್ಕರೆ ಕಾಯಿಲೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿದ್ದರು. ಬೆಳೆದು ದೊಡ್ಡವರಾದ ಅವರನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು.

ನಡುಗಿದ್ದೆಲ್ಲ 'ಲೋ ಷುಗರ್' ಅಲ್ಲ. ಲಕ್ಷಣ ಇರಬೇಕು, ಆ ಹೊತ್ತಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿರಬೇಕು, ಸಿಹಿ ಕೊಟ್ಟಾಗ ಸುಧಾರಿಸಬೇಕು; ಶಸ್ತ್ರವೈದ್ಯ ಅಲೆನ್ ವಿಪಲ್ 1930ರ ದಶಕದಲ್ಲಿ ಹಾಕಿಕೊಟ್ಟ ಈ ಮೂರು ಗುರುತು ಇವತ್ತಿಗೂ ನಡೆಯುತ್ತಿವೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ 70 mg/dLಗಿಂತ ಇಳಿದರೆ ಲೆಕ್ಕಾಚಾರ ಬೇಡ: 15 ಗ್ರಾಂ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಕೂಡದು, ಆಸ್ಪತ್ರೆಗೆ ಒಯ್ಯಬೇಕು.

ಔಷಧವಿಲ್ಲದೆ ಊಟದ ನಂತರ ಕುಸಿಯುವವರಿಗೆ ಸಂಕ್ರಾಂತಿಯ ತಟ್ಟೆಯಲ್ಲೊಂದು ಸುಳಿವಿದೆ. ಎಳ್ಳುಬೆಲ್ಲದಲ್ಲಿ ಅರಸೀಕೆರೆ ಕಡೆಯ ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಎಳ್ಳು; ಜಿಡ್ಡು, ನಾರು, ಪ್ರೋಟೀನು ಕೂಡಿ ಸಿಹಿ ರಕ್ತಕ್ಕೆ ಇಳಿಯುವುದನ್ನು ನಿಧಾನ ಮಾಡುತ್ತವೆ. ಹನ್ನೊಂದು ಗಂಟೆಯ ಕಾಫಿಯ ಬದಲು ಅದರಿಂದ ಬೆಲ್ಲದ ಚೂರು ಆರಿಸಿ ತೆಗೆದು, ಉಳಿದದ್ದನ್ನು ಒಂದು ಹಿಡಿ ಬಾಯಾಡಿಸಿದರಾಯಿತು.